ಒಂದು ಗುಟುಕು ಪೆಟ್ರೋಲ್

ಫೆಬ್ರವರಿ ೪

ಅಣ್ಣಾ,

ಇದು ನಾನು, ಇಲಿ. ಅಕ್ಷರ ನೋಡಿದ ಕೂಡಲೇ ಅಮ್ಮನದಲ್ಲ ಅಂತ ಗೊತ್ತಾಗಿರುತ್ತದೆ. ಅಮ್ಮನದು ದುಂಡಗೆ ಕೂತಿರುತ್ತದೆ, ನನ್ನದು ಗೆರೆ ಬಿಟ್ಟು ಓಡುತ್ತದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ನಾನು ಬರೆದದ್ದೆಲ್ಲ ಶೆಡ್ಡಿನ ಗೋಡೆ ಮೇಲೆ, ಸೀಮೆಸುಣ್ಣದಲ್ಲಿ. ಯಾವ ಗಾಡಿ, ಏನು ರಿಪೇರಿ, ಯಾವತ್ತು ಕೊಡಬೇಕು, ಅಷ್ಟೇ. ಕಾಗದ ಬರೆಯುವುದು ಇದೇ ಮೊದಲು. ತಪ್ಪಿದ್ದರೆ ನಗಬೇಡ. ನಕ್ಕರೂ ಪರವಾಗಿಲ್ಲ, ಇಲ್ಲಿಗೆ ಕೇಳಿಸುವುದಿಲ್ಲ.

ವಿಳಾಸ ಅಮ್ಮನ ಸೂಜಿ ಡಬ್ಬಿಯಲ್ಲಿ ಸಿಕ್ಕಿತು. ಏಳು ವರ್ಷದಿಂದ ನೀನು ಅಮ್ಮನಿಗೆ ಹಾಕಿದ ಕಾರ್ಡುಗಳೆಲ್ಲ ಅದರಲ್ಲೇ ಇವೆ. ಎಲ್ಲದರಲ್ಲೂ ಒಂದೇ ಸಾಲು, ‘ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ.’ ವಿಳಾಸ ಮಾತ್ರ ಐದು ಸಲ ಬದಲಾಗಿದೆ. ನನ್ನ ಹೆಸರಿಗೆ ಬಂದ ಕಾರ್ಡು ಒಂದೂ ಇಲ್ಲ. ಇರಲಿ.

ವಿಷಯಕ್ಕೆ ಬರುತ್ತೇನೆ. ಶೆಡ್ಡಿನ ಹಿಂದಿನ ಮೂಲೆಯಲ್ಲಿ ಟಾರ್ಪಾಲು ಹೊದ್ದು ಮಲಗಿರುವ ಅಮ್ಮನ ವ್ಯಾನಿನ ಎಂಜಿನ್ ಇಳಿಸಿದ್ದೇನೆ. ಹೌದು, ಅದೇ ವ್ಯಾನು.

ಅಪ್ಪನ ಕೈ ನಡುಗಲು ಶುರುವಾಗಿ ಎರಡು ವರ್ಷ ಆಯಿತು. ಅಮ್ಮ ನಿನಗೆ ತಿಳಿಸಿರಲಿಕ್ಕಿಲ್ಲ. ಮೊದಲು ಬಲಗೈ, ಈಗ ಎರಡೂ. ಚಹಾ ಲೋಟವನ್ನು ಎರಡು ಕೈಯಲ್ಲಿ ಹಿಡಿಯುತ್ತಾರೆ. ಸ್ಕ್ರೂ ಡ್ರೈವರ್ ಸ್ಕ್ರೂ ತಲೆಯ ಮೇಲೆ ಕೂರುವುದೇ ಇಲ್ಲ. ಪಕ್ಕದಲ್ಲಿ ಬಾಗಿಲು, ಕಿಟಕಿ ಮಾಡುವ ಬಡಗಿ ಇದ್ದಾನಲ್ಲ, ಅವನು ತನ್ನ ಬಾಗಿಲುಗಳನ್ನು ಪೇರಿಸಿಡಲು ನಮ್ಮ ಶೆಡ್ ಕೇಳುತ್ತಿದ್ದಾನೆ. ಅಪ್ಪ ಕೊಡುವ ಮನಸ್ಸು ಮಾಡಿದ್ದರು. ಬಾಗಿಲಿನವನಿಗೆ ಕೊಟ್ಟು ಬಾಗಿಲು ಹಾಕುವುದಂತೆ.

ನಾನು ಅಡುಗೆಮನೆಯ ಹೊಸಿಲ ಮೇಲೆ ನಿಂತು, “ನಾನು ನಡೆಸ್ತೀನಿ” ಅಂದೆ. ಎರಡು ಸಲ ಹೇಳಬೇಕಾಯಿತು, ಮೊದಲನೇ ಸಲ ದನಿಯೇ ಹೊರಡಲಿಲ್ಲ.

“ಗಿರಾಕಿ ಬಂದ್ರೆ ಗಾಡಿ ಹಿಂದೆ ಅಡಗೋಳು ಶೆಡ್ ನಡೆಸ್ತಾಳಂತೆ” ಅಂದರು ಅಪ್ಪ. ಆಮೇಲೆ ಮೂಲೆಯ ಕಡೆ ಗದ್ದ ತೋರಿಸಿ, “ಅದನ್ನ ರಿಪೇರಿಗೆ ಎತ್ತು. ಜೂನ್ ಮೊದಲ ವಾರದೊಳಗೆ ಅದರ ಎಂಜಿನ್ ಹಿಡಿದು ಓಡಿದ್ರೆ ಶೆಡ್ ನಿಂದು. ಹಿಡೀಲಿಲ್ಲ, ಬಾಗಿಲಿನವನದು” ಅಂದರು.

ನಾನು ಆ ವ್ಯಾನಿನ ಹತ್ತಿರ ಸುಳಿಯುವುದಿಲ್ಲ ಅಂತ ಗೊತ್ತಿದ್ದೇ ಹೇಳಿದ್ದು. ಮಾರನೇ ದಿನ ಬೆಳಗ್ಗೆ ಟಾರ್ಪಾಲು ಎಳೆದೆ. ಒಳಗಿನಿಂದ ನಿಜವಾದ ಇಲಿ ಒಂದು ಹಾರಿ ಓಡಿತು. ನಾನು ಓಡಲಿಲ್ಲ.

ಉತ್ತರ ಬರಿ.

ನಿನ್ನ ತಂಗಿ,
ಇಲಿ


ಮಾರ್ಚ್ ೧೨

ಅಣ್ಣಾ,

ಐದು ವಾರ ಆಯಿತು. ಟಪಾಲಿನವನು ನಮ್ಮ ಗೇಟು ದಾಟುವಾಗ ಸೈಕಲ್ ನಿಧಾನ ಮಾಡುತ್ತಾನೆ, ನಿಲ್ಲಿಸುವುದಿಲ್ಲ. ನಿನ್ನೆ ಅವನೇ, “ಯಾರ ಕಾಗದಮ್ಮಾ, ಹೀಗೆ ಕಾಯ್ತೀಯ?” ಅಂದ. ನಾನು ಒಳಗೆ ಓಡಿದೆ. ಈಗ ಏನು ತಿಳಿದುಕೊಂಡಿದ್ದಾನೋ.

ಎಂಜಿನ್ ವಿಷಯ ಕೇಳು. ಎರಡನೇ ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಹತ್ತು ದಿನ ಎಣ್ಣೆ ಕುಡಿಸಿ, ಮರದ ತುಂಡು ಇಟ್ಟು ಬಡಿದು ಬಿಡಿಸಿದೆ. ಲೇತ್‌ನವರು ಸಿಲಿಂಡರ್ ಕೊರೆದು ಬೋರ್ ಮಾಡಿಕೊಟ್ಟರು. ಹೊಸ ರಿಂಗು, ಹೊಸ ಬೇರಿಂಗು, ಕ್ಯಾಮು ಮತ್ತು ಟ್ಯಾಪೆಟ್ ಸಹ ಹೊಸವು. ಅಪ್ಪ ಸ್ಟೂಲಿನ ಮೇಲೆ ಕೂತು, ಛತ್ರಿಯ ಮುರಿದ ಕೋಲಿನಲ್ಲಿ ತೋರಿಸುತ್ತಾರೆ. ತಪ್ಪಿದರೆ ಕೋಲು ನೆಲಕ್ಕೆ ಬಡಿಯುತ್ತದೆ, ಸರಿಯಿದ್ದರೆ ಏನೂ ಆಗುವುದಿಲ್ಲ. ಮೊನ್ನೆ ಇಡೀ ಮಧ್ಯಾಹ್ನ ಏನೂ ಆಗಲಿಲ್ಲ. ಹೊಗಳಿದ್ದು ಅಂತ ನಾನೇ ಲೆಕ್ಕ ಹಿಡಿದೆ.

ಅಮ್ಮ ಈಗಲೂ ಲಾಡ್ಜುಗಳಿಗೆ ಒಗೆದ ಹಾಸಿಗೆ ಬಟ್ಟೆಯನ್ನು ತಳ್ಳುಗಾಡಿಯಲ್ಲೇ ಸಾಗಿಸುತ್ತಾರೆ. ವ್ಯಾನಿದ್ದಾಗ ಒಂದು ಸುತ್ತು, ಈಗ ದಿನಕ್ಕೆ ನಾಲ್ಕು. ಸಂಜೆ ಬಂದು ಎಂಜಿನ್ ಮೇಲೆ ಕೈ ಸವರಿ ಒಳಗೆ ಹೋಗುತ್ತಾರೆ.

ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಪೆಟ್ರೋಲ್ ಪಂಪು ಕೂರಿಸಿದೆ. ಅದರ ಪಕ್ಕದ ಪುಟ್ಟ ಕೈ ಲಿವರನ್ನು ಎಷ್ಟು ಬಡಿದರೂ ಸಡಿಲ ಸಡಿಲ ಆಡುತ್ತದೆ, ಪೆಟ್ರೋಲ್ ಎಳೆಯುವುದೇ ಇಲ್ಲ. ಪಂಪು ಹೊಸದು. ಏನು ಮಾಡಲಿ?

ಇಲಿ


ಮಾರ್ಚ್ ೨೦

ಕ್ಯಾಮಿನ ಉಬ್ಬು ಪಂಪನ್ನು ಒತ್ತಿಕೊಂಡೇ ನಿಂತಿದೆ. ಅದಕ್ಕೆ ಲಿವರಿಗೆ ಹಿಡಿತ ಇಲ್ಲ. ಎಂಜಿನನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ಆಮೇಲೆ ಬಡಿ.

ಅಣ್ಣ


ಮಾರ್ಚ್ ೨೫

ಅಣ್ಣಾ,

ಮೂರು ಸಾಲು ಬರೆದಿದ್ದೀಯ. ನಾನು ಮೂವತ್ತು ಸಲ ಓದಿದೆ. ಅಮ್ಮನಿಗೆ ತೋರಿಸಿದೆ. “ಇದರಲ್ಲಿ ಕ್ಷೇಮ ಅಂತ ಇಲ್ಲವಲ್ಲೇ” ಅಂದರು. “ಕ್ಷೇಮ ಇಲ್ಲದವರು ಕ್ಯಾಮಿನ ಬಗ್ಗೆ ಬರೀತಾರಾ ಅಮ್ಮ” ಅಂದೆ. ಕಾರ್ಡು ಈಗ ಸೂಜಿ ಡಬ್ಬಿಯಲ್ಲಿಲ್ಲ, ನನ್ನ ಪಾನಾ ಪೆಟ್ಟಿಗೆಯಲ್ಲಿದೆ. ಗ್ರೀಸು ಮೆತ್ತಿದೆ, ಬೇಜಾರು ಮಾಡಬೇಡ.

ಒಂದು ಸುತ್ತು ತಿರುಗಿಸಿದೆ. ಲಿವರ್ ಹಿಡಿಯಿತು. ಕ್ಯಾನಿನಿಂದ ಪೆಟ್ರೋಲ್ ಎಳೆದು ಪೈಪಿನ ತುದಿಯಲ್ಲಿ ಚಿಮ್ಮಿತು.

ವಾಸನೆ ಮೂಗಿಗೆ ಬಂದದ್ದೇ ತಡ, ಲಿವರ್ ಬಿಟ್ಟು ಹೊರಗೆ ಓಡಿದೆ. ಚಪ್ಪಲಿಯೂ ಇಲ್ಲ. ರಸ್ತೆ ತುದಿಯ ನೀರಿನ ನಲ್ಲಿಯವರೆಗೂ ಹೋಗಿ ನಿಂತೆ. ಅಪ್ಪ ಹಿಂದೆ ಬಂದು ಕರೆಯಲಿಲ್ಲ. ತಿರುಗಿ ಬಂದಾಗ ಕ್ಯಾನಿನ ಮುಚ್ಚಳ ಹಾಕಿ, ಸ್ಟೂಲನ್ನು ಎಂಜಿನ್ ಕಡೆಗೆ ಬೆನ್ನು ಮಾಡಿ ಹಾಕಿಕೊಂಡು ಕೂತಿದ್ದರು.

ಎಲ್ಲ ಕೆಲಸ ಬರುತ್ತದೆ ಅಣ್ಣಾ. ತೆರೆದ ಪೆಟ್ರೋಲ್ ಮುಂದೆ ಮಾತ್ರ ಕಾಲು ನಿಲ್ಲುವುದಿಲ್ಲ. ಕೊನೆಯ ದಿನ ಒಣಗಿದ ಎಂಜಿನ್ನಿಗೆ ಪೆಟ್ರೋಲಿನ ಮೊದಲ ಗುಟುಕು ಕೊಡುವವರು ಯಾರು ಅಂತ ಯೋಚಿಸಿದರೆ ಊಟ ಸೇರುವುದಿಲ್ಲ.

ನೀನು ಈಗ ಯಾವ ಕೆಲಸ ಮಾಡುತ್ತೀಯ?

ಇಲಿ


ಏಪ್ರಿಲ್ ೯

ಇಲಿ,

ನಾನು ನೀರು ಸರಬರಾಜಿನ ಪಂಪು ಮನೆಯಲ್ಲಿದ್ದೇನೆ. ಮೂರು ದೊಡ್ಡ ಕರೆಂಟಿನ ಪಂಪುಗಳು, ಒಂದು ಕಬ್ಬಿಣದ ಮಂಚ, ಒಂದು ಗಡಿಯಾರ. ಇವನ್ನೂ ಒಣಗಿದ ಹಾಗೇ ಓಡಿಸುವಂತಿಲ್ಲ. ಸ್ವಿಚ್ ಹಾಕುವ ಮೊದಲು ಮೇಲಿನ ಕೊಳವೆಯಿಂದ ನೀರು ತುಂಬಿಸಬೇಕು. ದಿನಾ ಬೆಳಗ್ಗೆ ಗುಟುಕು ಕೊಡುವುದೇ ನನ್ನ ಕೆಲಸ. ನೀರಿನದು. ಅದು ಹತ್ತಿಕೊಳ್ಳುವುದಿಲ್ಲ.

ಇಲ್ಲಿ ಕೂರಲು ಆಗುವುದಿಲ್ಲ, ತೊಟ್ಟಿಯ ಕಟ್ಟೆಯ ಮೇಲೆ ಸುತ್ತು ಹಾಕುತ್ತಿರುತ್ತೇನೆ. ಕೋಣೆಯನ್ನೂ ಬದಲಾಯಿಸಬೇಕು ಅಂತಿದ್ದೇನೆ. ಈ ಕೋಣೆಯಲ್ಲಿ ಕೊರತೆ ಏನೂ ಇಲ್ಲ, ಆದರೂ.

ಟ್ಯಾಂಕನ್ನು ಇಳಿಸಿ ತೊಳೆ. ಏಳು ವರ್ಷದ ಹಳೇ ಪೆಟ್ರೋಲ್ ತಳದಲ್ಲಿ ಅಂಟಾಗಿರುತ್ತದೆ. ಒಳಗೆ ಹಿಡಿ ಸಣ್ಣ ಜಲ್ಲಿ ಹಾಕಿ ಅಲುಗಾಡಿಸಿ, ಬಿಸಿ ನೀರಲ್ಲಿ ಮೂರು ಸಲ ತೊಳೆದು, ಬಿಸಿಲಿಗೆ ಎರಡು ದಿನ ಬಿಡು. ಫಿಲ್ಟರ್ ಹೊಸದು ಹಾಕು.

ಇಷ್ಟೆಲ್ಲ ಮಾಡು. ಆದರೆ ಅದನ್ನು ಚಾಲೂ ಮಾಡುವುದು ನೀನು ಬೇಡ. ಲೇತ್‌ನವರಲ್ಲಿ ಯಾರನ್ನಾದರೂ ಕರೆಸು. ಬಾನೆಟ್ ಹತ್ತಿರ ನೀನು ನಿಲ್ಲಬೇಡ.

ಅಣ್ಣ


ಏಪ್ರಿಲ್ ೧೪

ಅಣ್ಣಾ,

ಲೇತ್‌ನವರನ್ನು ಕರೆಸಿ ಹಿಡಿಸಿದರೆ ಶೆಡ್ಡನ್ನೂ ಲೇತ್‌ನವರಿಗೇ ಕೊಟ್ಟ ಹಾಗೆ. ಅಪ್ಪ ಹೇಳಿದ್ದು ನಾನು ಹಿಡಿಸಬೇಕು ಅಂತ. ಬಡಗಿ ನಿನ್ನೆ ಟೇಪು ತಂದು ಗೋಡೆಯಿಂದ ಗೋಡೆಗೆ ಅಳೆದ. ನನ್ನ ಸೀಮೆಸುಣ್ಣದ ಬರಹದ ಮೇಲೆಯೇ ಪೆನ್ಸಿಲ್ ಗೆರೆ ಎಳೆದ. ನಾನು ಎಂಜಿನ್ ಹಿಂದೆ ಕೂತಿದ್ದೆ. ಎದ್ದು ‘ಇನ್ನೂ ಜೂನ್ ಬಂದಿಲ್ಲ’ ಅನ್ನಬೇಕಿತ್ತು. ಅನ್ನಲಿಲ್ಲ. ಅವನು ಹೋದ ಮೇಲೆ ಗೆರೆ ಅಳಿಸಿದೆ.

ಇನ್ನೊಂದು ಹೇಳುತ್ತೇನೆ, ಸಿಟ್ಟು ಬಂದರೆ ಬರಲಿ. ಲಿವರಿನ ವಿಷಯ ನನಗೆ ಮೊದಲೇ ಗೊತ್ತಿತ್ತು. ಎಂಜಿನ್ ಬಗ್ಗೆ ಕೇಳಿದರೆ ನೀನು ಉತ್ತರ ಕೊಡದೆ ಇರಲಾರೆ ಅಂತ ಕೇಳಿದೆ. ಅಮ್ಮ ಏಳು ವರ್ಷ ‘ಊಟ ಆಯ್ತಾ, ಯಾವಾಗ ಬರ್ತೀಯ’ ಅಂತ ಬರೆದರು. ಅದಕ್ಕೆ ನಿನ್ನಿಂದ ಕ್ಷೇಮ ಬಿಟ್ಟು ಬೇರೇನೂ ಬರಲಿಲ್ಲ.

ಈಗ ಗೊತ್ತಿಲ್ಲದ್ದನ್ನೇ ಕೇಳುತ್ತೇನೆ. ಮೊನ್ನೆ ಕಾರ್ಬೊರೇಟರ್ ತೋರಿಸಲು ಲೇತ್‌ನವರ ಹತ್ತಿರ ಹೋಗಿ, “ಬಾಯಿ ಚೊಕ್ಕ ಇದೆ, ಹೊಟ್ಟೆ ಒಣಗಿದೆ” ಅಂದೆ. ಅವರು ನನ್ನ ಮುಖ ನೋಡಿ, “ಡಾಕ್ಟರ ಹತ್ತಿರ ಹೋಗಮ್ಮ, ನಮ್ಮ ಹತ್ರ ಯಾಕೆ ಬಂದೆ” ಅಂದರು. ಗಾಳಿ ನುಗ್ಗುವ ದೊಡ್ಡ ತೂತು ಬಾಯಿ, ಪೆಟ್ರೋಲ್ ನಿಲ್ಲುವ ಪುಟ್ಟ ತೊಟ್ಟಿ ಹೊಟ್ಟೆ ಅಂತ ಬಿಡಿಸಿ ಹೇಳಬೇಕಾಯಿತು. ‘ಗುಟುಕು’ ಅಂದರೆ ಅಲ್ಲಿ ಯಾರಿಗೂ ಗೊತ್ತಿಲ್ಲ. ಹಕ್ಕಿ ಮರಿಗೆ ಕೊಡುತ್ತದಲ್ಲ ಅದಾ ಅಂದರು. ನಮ್ಮ ಶೆಡ್ಡಿನಲ್ಲಿ ಮಾತ್ರ ಇರುವ ಮಾತು ಅದು.

ಅಪ್ಪನನ್ನು ಗುಟುಕು ಹೇಗೆ ಕೊಡುವುದು ಅಂತ ಕೇಳಿದರೆ ಕೋಲನ್ನೂ ಬಡಿಯದೆ ಎದ್ದು ಹೋಗುತ್ತಾರೆ. ನೀನು ಹೇಳು. ಅದನ್ನೂ ಹೇಳು, ಆವತ್ತು ಏನಾಯಿತು ಅನ್ನುವುದನ್ನೂ ಹೇಳು. ನನ್ನ ಕಿವಿಯ ಕೆಳಗಿನ ಸುಟ್ಟ ಕಲೆಯನ್ನು ನಾನು ದಿನಾ ಕನ್ನಡಿಯಲ್ಲಿ ನೋಡುತ್ತೇನೆ. ನೋಡಲಾಗದೆ ಊರು ಬಿಟ್ಟವನು ನೀನು.

ಇಲಿ


ಏಪ್ರಿಲ್ ೩೦

ಇಲಿ,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು, ಹೇಗೇ ಇರಲಿ ಹಾಕಿಬಿಡುತ್ತೇನೆ.

ಮೊದಲು ಕೆಲಸದ ಮಾತು. ಟ್ಯಾಂಕಿನಿಂದ ಹಿಡಿದು ಪೈಪು, ಫಿಲ್ಟರ್, ಪಂಪು, ಕಾರ್ಬೊರೇಟರಿನ ಹೊಟ್ಟೆ ಎಲ್ಲ ಒಣಗಿರುತ್ತದೆ. ಕೀಲಿ ತಿರುಗಿಸಿ ಸೆಲ್ಫ್ ಹೊಡೆದೇ ಪೆಟ್ರೋಲನ್ನು ಮೇಲಕ್ಕೆ ತರುತ್ತೇನೆ ಅಂತ ಹೊರಟರೆ ಎಂಜಿನ್ ಸುಮ್ಮನೆ ಸುತ್ತುತ್ತಲೇ ಇರುತ್ತದೆ. ಬ್ಯಾಟರಿ ಕೂರುತ್ತದೆ. ಅದಕ್ಕಿಂತ ಕೆಟ್ಟದ್ದು, ಹೊಸ ಕ್ಯಾಮಿಗೆ ನೀನು ಬಳಿದ ಗ್ರೀಸು ಒರೆಸಿಹೋಗುತ್ತದೆ. ಎಂಜಿನ್ ಹಿಡಿಯುವ ಮೊದಲೇ ಸವೆಯಲು ಶುರು. ಅದಕ್ಕೇ ಗುಟುಕು.

ಕೈ ಲಿವರಿನಿಂದ ಪಂಪು ತುಂಬಿಸು. ಕಾರ್ಬೊರೇಟರಿನ ನೆತ್ತಿಯಲ್ಲಿ ಸಣ್ಣ ಗಾಳಿ ಕೊಳವೆ ಇದೆ, ಅದು ನೇರ ಹೊಟ್ಟೆಗೆ ಹೋಗುತ್ತದೆ. ಸೂಜಿ ತೆಗೆದ ಸಿರಿಂಜಿನಲ್ಲಿ ಅದರೊಳಗೆ ಪೆಟ್ರೋಲ್ ಬಿಡು, ನಿಧಾನ, ಉಕ್ಕಿಸಬೇಡ. ಬಾಯಿಗೆ ಒಂದು ಹನಿಯೂ ಬೇಡ. ಆಮೇಲೆ ಆಕ್ಸಿಲರೇಟರಿನ ಕಡ್ಡಿಯನ್ನು ಒಮ್ಮೆ ಎಳೆದು ಬಾಯೊಳಗೆ ಇಣುಕು. ತೆಳ್ಳಗೆ ಎರಡು ಎಳೆ ಚಿಮ್ಮಿದರೆ ಹೊಟ್ಟೆ ತುಂಬಿದೆ ಅಂತ ಅರ್ಥ. ಚೆಲ್ಲಿದ್ದನ್ನು ಒರೆಸಿ ಬಟ್ಟೆಯನ್ನು ಹೊರಗೆ ಹಾಕು. ಏರ್ ಫಿಲ್ಟರ್ ಮುಚ್ಚಿ ನಟ್ಟು ಬಿಗಿ. ಮುಚ್ಚಿದ ಮೇಲೆ ಮಾತ್ರ ಕೀಲಿ. ಬೆಂಕಿ ಹಿಂದಕ್ಕೆ ಒದ್ದರೂ ಅದರೊಳಗೇ ಸಾಯುತ್ತದೆ.

ಹಿಡಿದ ಮೇಲೆ ಇಪ್ಪತ್ತು ನಿಮಿಷ ಅರ್ಧ ಜೋರಿನಲ್ಲಿ ಓಡಲೇಬೇಕು. ನಿಧಾನಕ್ಕೆ ಬಿಟ್ಟರೆ ಕ್ಯಾಮಿಗೆ ಎಣ್ಣೆ ಚಿಮ್ಮುವುದಿಲ್ಲ. ಆ ಇಪ್ಪತ್ತು ನಿಮಿಷ ಕಡ್ಡಿಯಿಂದ ಕೈ ತೆಗೆಯುವ ಹಾಗಿಲ್ಲ, ಆಕಾಶ ಬಿದ್ದರೂ.

ಇನ್ನು ಆ ದಿನದ್ದು. ಅಪ್ಪ ಲಾರಿಯ ಕೆಳಗೆ ಮಲಗಿದ್ದರು. ಅಮ್ಮನಿಗೆ ಲಾಡ್ಜಿಗೆ ಹೊತ್ತಾಗಿತ್ತು. ನಾನು ಡ್ರೈವರ್ ಸೀಟಿನಲ್ಲಿ, ಬಾನೆಟ್ ಎತ್ತಿದ್ದರಿಂದ ನೀನು ಕಾಣುತ್ತಿರಲಿಲ್ಲ. “ಇಲಿ, ಬಾಯಿಗೆ ಒಂದು ಗುಟುಕು ಹಾಕು” ಅಂದೆ. ಬಾಯಿಗೆ ಅಂದೆ. ಆ ಮಾತು ನನ್ನ ನಾಲಿಗೆಗೆ ಯಾಕೆ ಬಂತೋ, ಏಳು ವರ್ಷದಿಂದ ಹೋದಲ್ಲೆಲ್ಲ ಸುತ್ತುತ್ತಾ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. “ಆಯ್ತಾ?” ಅಂದೆ. ನೀನು ಏನೂ ಅನ್ನಲಿಲ್ಲ. ನೀನು ಯಾವಾಗಲೂ ಏನೂ ಅನ್ನುವುದಿಲ್ಲ, ಅದಕ್ಕೆ ಹೂಂ ಅಂದುಕೊಂಡು ಕೀಲಿ ತಿರುಗಿಸಿದೆ. ಬಾಯಿಂದ ಬೆಂಕಿ ಒದ್ದಿತು.

ಆಸ್ಪತ್ರೆಯಲ್ಲಿ ನೀನು ನನ್ನ ಕಡೆ ಮುಖ ತಿರುಗಿಸಲಿಲ್ಲ. ಮೂರು ವಾರ ಕಾದೆ.

ಅಣ್ಣ


ಮೇ ೮

ಅಣ್ಣಾ,

ಮುಖ ತಿರುಗಿಸದಿದ್ದದ್ದು ಕತ್ತಿಗೆ ಪಟ್ಟಿ ಕಟ್ಟಿದ್ದರು ಅಂತ. ತಿರುಗುತ್ತಿರಲಿಲ್ಲ. ನೀನು ಆ ಕಡೆ ಬಂದು ನಿಂತಿದ್ದರೆ ಆಗುತ್ತಿತ್ತು. ನಿನಗೆ ಅದು ಹೊಳೆಯಲಿಲ್ಲ, ನನಗೆ ಹೇಳಲು ಬರಲಿಲ್ಲ.

ನಿನ್ನ ಕಾಗದವನ್ನು ಅಪ್ಪನ ಮುಂದೆ ಗಟ್ಟಿಯಾಗಿ ಓದಿದೆ. ಅಷ್ಟು ಹೊತ್ತು ನನ್ನದೇ ದನಿಯನ್ನು ನಾನು ಕೇಳಿದ್ದು ಇದೇ ಮೊದಲು. ಓದಿ ಮುಗಿಸಿ, “ಅಣ್ಣ ಬಾಯಿಗೆ ಅನ್ನಲೇ ಇಲ್ಲ ಅಪ್ಪ. ಗುಟುಕು ಅಂದ ಮೇಲೆ ಬಾಯಿಗೇ ಅಲ್ವಾ ಅಂತ ನಾನೇ ಲೋಟದಿಂದ ಸುರಿದೆ. ಆಯ್ತಾ ಅಂತ ಅವನು ಕೇಳಿದಾಗ ಲೋಟ ಇನ್ನೂ ನನ್ನ ಕೈಯಲ್ಲಿತ್ತು. ಇಲ್ಲ ಅನ್ನೋಕೆ ದನಿ ಬರಲಿಲ್ಲ” ಅಂದೆ. ಏಳು ವರ್ಷ ನಾನು ಹಾಗೇ ನಂಬಿಕೊಂಡು ಬಂದದ್ದು.

ಅಪ್ಪ ಕೋಲನ್ನು ಗೋಡೆಗೆ ಒರಗಿಸಿಟ್ಟರು. ಆಮೇಲೆ, “ಇಬ್ಬರೂ ಚೆನ್ನಾಗಿ ಹಂಚ್ಕೊಂಡಿದ್ದೀರ. ನನಗೆ ಅಂತ ಒಂದು ಚೂರೂ ಇಟ್ಟಿಲ್ಲ” ಅಂದರು.

ಅಂಗಿಯ ಎಡ ತೋಳನ್ನು ಮೇಲಕ್ಕೆ ಸರಿಸಿದರು. ಮಣಿಕಟ್ಟಿನ ಹತ್ತಿರ ನುಣ್ಣಗೆ ಹೊಳೆಯುವ ಕಲೆ ಇದೆಯಲ್ಲ, ರೇಡಿಯೇಟರಿನ ಬಿಸಿ ನೀರು ಹಾರಿದ್ದು ಅಂತ ನಮಗೆ ಹೇಳಿದ್ದು, ಅದು ನೀರಿನದಲ್ಲ. ಅಪ್ಪನಿಗೆ ಕೆಲಸ ಕಲಿಸಿದ ಮೇಸ್ತ್ರಿ ಗುಟುಕು ಕೊಡುತ್ತಿದ್ದದ್ದು ಬಾಯಿಗೇ ಅಂತೆ. ಲೋಟದಿಂದ ಸುರಿದು, ‘ಹೊಡಿ’ ಅನ್ನುತ್ತಿದ್ದರಂತೆ. ಒಂದು ದಿನ ಬೆಂಕಿ ಒದ್ದು ಅಪ್ಪನ ಕೈ ಹಿಡಿಯಿತು. ಸ್ವಂತ ಶೆಡ್ ಹಾಕಿದ ದಿನವೇ ಅಪ್ಪ ಸಿರಿಂಜಿಗೆ ಬದಲಾಯಿಸಿದರು.

“ಕೆಲಸ ಬದಲಾಯಿಸಿದೆ, ಮಾತು ಬದಲಾಯಿಸಲಿಲ್ಲ” ಅಂದರು ಅಪ್ಪ. “ಅವತ್ತು ನಿಮ್ಮಮ್ಮ ಹೊತ್ತಾಯ್ತು ಹೊತ್ತಾಯ್ತು ಅಂತಿದ್ಲು. ಲಾರಿ ಕೆಳಗಿಂದ ‘ಬಾಯಿಗೆ ಒಂದು ಗುಟುಕು ಹಾಕಿ ಹೊಡೀರಿ’ ಅಂತ ಕೂಗಿದವನು ನಾನು. ಅವಸರಕ್ಕೆ ಮೇಸ್ತ್ರಿಯ ಮಾತೇ ಬಂತು. ಅವನು ಅದನ್ನೇ ಹಾಗ್‌ಹಾಗೇ ನಿನಗೆ ದಾಟಿಸಿದ.”

“ಮತ್ತೆ ಯಾಕೆ ಹೇಳಲಿಲ್ಲ?” ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

“ಅವನು ಹೋಗೋವರೆಗೂ ಇವತ್ತು ಹೇಳೋಣ, ನಾಳೆ ಹೇಳೋಣ ಅಂತಿದ್ದೆ. ಹೋದ ಮೇಲೆ ಯಾರಿಗೆ ಹೇಳಲಿ?”

ಅಮ್ಮ ಒಳಗಿನಿಂದ ಎಲ್ಲ ಕೇಳಿಸಿಕೊಂಡಿರಬೇಕು. ಆವತ್ತು ಅಪ್ಪನ ಚಹಾ ತಣ್ಣಗಾಗಿ ಬಂತು. ಅಪ್ಪ ಅದನ್ನೇ ಕುಡಿದರು.

ನಾನೂ ಎರಡು ದಿನ ಅವರ ಹತ್ತಿರ ಮಾತಾಡಲಿಲ್ಲ. ನಾನು ಮಾತು ಬಿಟ್ಟದ್ದು ಅವರಿಗೆ ಗೊತ್ತಾಯಿತೋ ಇಲ್ಲವೋ. ಮೂರನೇ ದಿನ ಸ್ಟೂಲಿನ ಮೇಲೆ ಹೊಸ ಸಿರಿಂಜ್ ಒಂದು ಇತ್ತು.

ಎಂಜಿನನ್ನು ವ್ಯಾನಿಗೆ ಏರಿಸಿದ್ದೇವೆ. ಇನ್ನು ವೈರು, ಎಣ್ಣೆ, ನೀರು. ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ.

ಇಲಿ


ಮೇ ೧೬

ಮಗನಿಗೆ,

ಕೈ ನಡುಗುತ್ತದೆ. ಅಕ್ಷರ ದೊಡ್ಡದು. ಓದಿಕೋ.

ಅವಳು ಹೇಳಿದ್ದು ನಿಜ. ಕೂಗಿದವನು ನಾನು.

ಜೂನ್ ೨, ಭಾನುವಾರ, ಬೆಳಗ್ಗೆ ಹತ್ತಕ್ಕೆ ವ್ಯಾನು ಚಾಲೂ ಮಾಡುತ್ತಾಳೆ. ಕೀಲಿ ನಿಮ್ಮಮ್ಮ. ನಾನು ಮರಳು, ಒದ್ದೆ ಗೋಣಿಚೀಲ ಹಿಡಿದು ಕೂರುತ್ತೇನೆ. ಕರೆಯಲು ನನಗೆ ಬಾಯಿಲ್ಲ. ದಿನ ಮಾತ್ರ ತಿಳಿಸಿದ್ದೇನೆ.

ನಿಮ್ಮಪ್ಪ


ಜೂನ್ ೩

ಇಲಿ,

ನಿನ್ನೆ ನಾನು ಬಂದಿದ್ದೆ.

ಒಂಬತ್ತೂವರೆಗೆ ಬಸ್ಸಿಳಿದೆ. ಶೆಡ್ಡಿನ ಎದುರು ಈಗ ಸೈಕಲ್ ಅಂಗಡಿ ಆಗಿದೆ, ಟೈರುಗಳನ್ನು ಬಾಗಿಲ ಮುಂದೆ ನೇತುಹಾಕಿದ್ದಾರೆ. ಅದರ ಮರೆಯಲ್ಲಿ ನಿಂತೆ. ಅಂಗಡಿಯವನು “ಏನು ಬೇಕು” ಅಂದ. “ಟೈರು” ಅಂದೆ. “ಯಾವ ಸೈಜು” ಅಂದ. “ನೋಡ್ತಿದ್ದೀನಿ” ಅಂದೆ. ಮುಕ್ಕಾಲು ಗಂಟೆ ನೋಡಿದೆ.

ನಿನ್ನ ದನಿ ರಸ್ತೆಯ ಈ ಕಡೆಗೂ ಕೇಳಿಸಿತು. ಮೊದಲು ಯಾರದು ಅಂತ ತಿಳಿಯಲಿಲ್ಲ. ಎರಡನೇ ಸಲ ‘ಹೊಡಿ’ ಅಂದಾಗ ತಿಳಿಯಿತು. ಎಂಜಿನ್ ಹಿಡಿಯಿತು. ಬೆಂಕಿ ಬರಲಿಲ್ಲ. ನಾನು ಟೈರು ಹಿಡಿದುಕೊಂಡಿದ್ದೆ, ಬಿಡಲು ಹೊತ್ತು ಹಿಡಿಯಿತು.

ಒಳಗೆ ಬರಬೇಕಿತ್ತು. ಎರಡು ಸಲ ರಸ್ತೆಗೆ ಕಾಲಿಟ್ಟೆ. ಹತ್ತೂವರೆಯ ಬಸ್ಸು ಬಂತು.

ಟ್ಯಾಪೆಟ್ ಸದ್ದು ಸಮವಾಗಿತ್ತು. ಚೆನ್ನಾಗಿ ಕೂರಿಸಿದ್ದೀಯ.

ಅಣ್ಣ


ಜೂನ್ ೯

ಅಣ್ಣಾ,

ಟೈರಿನ ಮರೆಯಲ್ಲಿ ನಿಂತರೆ ಮುಖ ಮುಚ್ಚುತ್ತದೆ, ಕಾಲು ಮುಚ್ಚುವುದಿಲ್ಲ. ಒಂದು ಕಾಲು ನೆಲದ ಮೇಲೆ, ಇನ್ನೊಂದು ಮೊಣಕಾಲಿಗೆ ಆನಿಸಿಕೊಂಡು. ಚಿಕ್ಕಂದಿನಿಂದ ನಿನ್ನನ್ನು ಕೊಕ್ಕರೆ ಅಂತ ಕರೆದವಳು ನಾನು. ಈ ರಸ್ತೆಯಲ್ಲಿ ಹಾಗೆ ನಿಲ್ಲುವವರು ಬೇರೆ ಯಾರೂ ಇಲ್ಲ.

ನಾನು ನಿನ್ನನ್ನು ನೋಡಿದೆ. ಯಾವಾಗ ಅಂತ ಕೇಳು.

ಬೆಳಗ್ಗೆಯಿಂದ ಮೂರು ಸಲ ಕೈ ತೊಳೆದಿದ್ದೆ. ವ್ಯಾನಿನ ಮೂತಿ ರಸ್ತೆ ಕಡೆಗೆ. ಅಮ್ಮ ಸೀಟಿನಲ್ಲಿ, ಬಾನೆಟ್ ಎತ್ತಿದ್ದರಿಂದ ಅವರಿಗೆ ನಾನು ಕಾಣುವುದಿಲ್ಲ. ಅಪ್ಪ ಮರಳಿನ ಬಕೆಟ್ ಪಕ್ಕ, ಗೋಣಿಚೀಲ ತೊಡೆಯ ಮೇಲಿಟ್ಟುಕೊಂಡು ಪ್ಯಾಂಟು ಪೂರ್ತಿ ಒದ್ದೆ ಮಾಡಿಕೊಂಡಿದ್ದರು. ಬಡಗಿಯೂ ಬಂದಿದ್ದ, ಟೇಪು ಜೇಬಿನಲ್ಲಿತ್ತು.

ಲಿವರ್ ಬಡಿದೆ, ಪಂಪು ತುಂಬಿತು. ಸಿರಿಂಜಿನಲ್ಲಿ ಪೆಟ್ರೋಲ್ ಎಳೆದಾಗ ವಾಸನೆ ಬಂತು. ಕಾಲು ಹೊರಟಿತು ಅಣ್ಣಾ, ನಿಜವಾಗಿ ಒಂದು ಹೆಜ್ಜೆ ಹಿಂದಕ್ಕೆ ಹೋಯಿತು. ಆಗ ಅಪ್ಪ ಎದ್ದು ಬಂದು ಮಗ್ಗುಲಿಗೆ ನಿಂತು, ನಡುಗುವ ಕೈಯನ್ನು ನನ್ನ ಮಣಿಕಟ್ಟಿನ ಮೇಲಿಟ್ಟರು. ಅವರ ನಡುಕ ನನಗೂ ಬಂತು, ಸಿರಿಂಜೂ ನಡುಗಿತು. “ಕೈ ತೆಗೀರಿ ಅಪ್ಪ, ಚೆಲ್ಲುತ್ತೆ” ಅಂದೆ. ತೆಗೆದರು. ತೆಗೆದ ಮೇಲೆ ನನ್ನ ಕೈ ನಿಂತಿತು.

“ಎಲ್ಲಿಗೆ?” ಅಂದರು.

“ಹೊಟ್ಟೆಗೆ” ಅಂದೆ.

ನಿಧಾನವಾಗಿ ಬಿಟ್ಟೆ. ಎರಡು ಸಿರಿಂಜ್ ಹಿಡಿಯಿತು. ಕಡ್ಡಿ ಎಳೆದು ಇಣುಕಿದೆ, ಎರಡು ಎಳೆ, ನೂಲಿನ ಹಾಗೆ. ಒರೆಸಿದೆ, ಬಟ್ಟೆ ಹೊರಗೆ ಹಾಕಿದೆ, ಫಿಲ್ಟರ್ ಮುಚ್ಚಿ ನಟ್ಟು ಬಿಗಿದೆ.

“ಆಯ್ತಾ?” ಅಂದರು ಅಮ್ಮ ಒಳಗಿನಿಂದ. ಅದೇ ಮಾತು.

ನಾನು ಫಿಲ್ಟರ್ ಮುಟ್ಟಿ ನೋಡಿದೆ. ನಟ್ಟು ಮುಟ್ಟಿ ನೋಡಿದೆ. ಕೈಯಲ್ಲಿ ಲೋಟ ಇಲ್ಲ ಅಂತಲೂ ನೋಡಿಕೊಂಡೆ. “ಆಯ್ತು, ಹೊಡಿ” ಅಂದೆ. ಅಮ್ಮನಿಗೆ ಕೇಳಿಸಲಿಲ್ಲ. “ಆಯ್ತೇನೇ?” ಅಂದರು ಮತ್ತೆ.

“ಹೊಡಿ” ಅಂದೆ. ಬಡಗಿ ಬೆಚ್ಚಿಬಿದ್ದ.

ನಾಲ್ಕು ಸುತ್ತು, ಐದನೆಯದಕ್ಕೆ ಹಿಡಿಯಿತು. ನಾನು ಕಡ್ಡಿ ಎಳೆದು ಹಿಡಿದೆ. ಅಪ್ಪ ಗಡಿಯಾರ ನೋಡಿ ಎಣಿಸಲು ಶುರು ಮಾಡಿದರು. ಎರಡನೇ ನಿಮಿಷಕ್ಕೆ ತಲೆ ಎತ್ತಿದರೆ ಎದುರಿಗೆ ಟೈರುಗಳ ಕೆಳಗೆ ಒಂಟಿ ಕಾಲು.

ಹದಿನೆಂಟು ನಿಮಿಷ ಬಾಕಿ ಇತ್ತು. ನಿನಗೂ ಗೊತ್ತಿತ್ತು, ನೀನೇ ಬರೆದದ್ದು, ಆಕಾಶ ಬಿದ್ದರೂ ಕೈ ತೆಗೆಯುವ ಹಾಗಿಲ್ಲ ಅಂತ. ‘ಅಣ್ಣಾ’ ಅಂತ ಕೂಗಿದೆ. ಎಂಜಿನ್ ಸದ್ದಿನಲ್ಲಿ ಪಕ್ಕದಲ್ಲಿದ್ದ ಅಪ್ಪನಿಗೇ ಕೇಳಿಸಲಿಲ್ಲ. ನೀನು ರಸ್ತೆಗೆ ಕಾಲಿಟ್ಟದ್ದೂ ನೋಡಿದೆ, ತೆಗೆದದ್ದೂ ನೋಡಿದೆ. ಬಸ್ಸು ಬಂದು ನಿಂತು ಹೋಯಿತು. ಹೋದ ಮೇಲೆ ಟೈರುಗಳ ಕೆಳಗೆ ಕಾಲಿರಲಿಲ್ಲ. ಆಗ ಅಪ್ಪ “ಹದಿನೈದು” ಅಂದರು. ಉಳಿದ ಐದು ನಿಮಿಷ ನಾನು ಅಳುತ್ತಾ ಹಿಡಿದುಕೊಂಡಿದ್ದೆ. ಹೊಗೆಗೆ ಕಣ್ಣುರಿ ಅಂತ ಎಲ್ಲರೂ ತಿಳಿದರು.

ಬಡಗಿ ಟೇಪು ಮುಟ್ಟದೆ ಹೋದ. ಶೆಡ್ಡಿನ ಬೀಗದಕೈ ಈಗ ನನ್ನ ಪಾನಾ ಪೆಟ್ಟಿಗೆಯಲ್ಲಿ, ನಿನ್ನ ಕಾರ್ಡಿನ ಜೊತೆಗಿದೆ. ಅಪ್ಪ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ, ವಾಲಿದ ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ, ‘ಗುಟುಕು ಹೊಟ್ಟೆಗೆ.’ ಅಳಿಸಕೂಡದು ಅಂತ ಹೇಳಿದ್ದಾರೆ.

ಈಗ ಕೇಳು. ಹೊಸದಾಗಿ ಕಟ್ಟಿದ ಎಂಜಿನ್, ಮೊದಲ ಐನೂರು ಕಿಲೋಮೀಟರು ನಲವತ್ತರ ಮೇಲೆ ಓಡಿಸಬಾರದು. ನಿನ್ನ ಊರಿಗೆ ಬಸ್ಸಿನಲ್ಲಿ ನಾಲ್ಕು ಗಂಟೆ, ನಮಗೆ ಆರಾದರೂ ಬೇಕು. ಬರುವ ಭಾನುವಾರ ಬೆಳಗ್ಗೆ ಹೊರಡುತ್ತೇವೆ. ಅಮ್ಮ ಓಡಿಸುತ್ತಾರೆ, ಅಪ್ಪ ನಡುವೆ, ನಾನು ಕಿಟಕಿ ಪಕ್ಕ. ಪಂಪು ಮನೆ ಎಲ್ಲಿ ಅಂತ ದಾರಿಯಲ್ಲಿ ನಾನೇ ಇಳಿದು ಕೇಳುತ್ತೇನೆ, ಜೋರಾಗಿ.

ನಾವು ಅಷ್ಟು ನಿಧಾನ ಬರುವಾಗ ನಿನಗೆ ಓಡಿಹೋಗಲು ಬೇಕಾದಷ್ಟು ಹೊತ್ತಿದೆ, ಗೊತ್ತು. ಆದರೂ ಕಟ್ಟೆ ಸುತ್ತುವುದು ಬಿಟ್ಟು ಬಾಗಿಲಲ್ಲಿ ನಿಂತಿರು.

ಎರಡೂ ಕಾಲಿನ ಮೇಲೆ.

ಇಲಿ